ಚುಕ್ಕೆಗೆ ಹೆಸರು ಇಡೋರು ಯಾರು?

ಬೆಂಗಳೂರಲ್ಲಿ ಒಟ್ಟು ಎಷ್ಟು ಮರ ಇವೆ? ಲೆಕ್ಕ ಹಾಕೋ ಕೆಲಸ ನಿಮಗೆ ಕೊಟ್ಟರೆ ಏನು ಮಾಡ್ತೀರಿ? ಬೀದಿ ಬೀದಿಗೆ ಹುಡುಗರನ್ನ ಕಳಿಸ್ತೀರಿ. ಕೈಗೊಂದು ಬಣ್ಣದ ಡಬ್ಬಿ, ಒಂದು ಬ್ರಶ್ಶು. ಮರಕ್ಕೊಂದು ನಂಬರ್. ವರ್ಷಗಟ್ಟಲೆ ಹಿಡಿಯುತ್ತೆ. ಎಣಿಸಿ ಮುಗಿಸೋ ಹೊತ್ತಿಗೆ ಮೊದಲ ಬೀದಿಯ ಮರ ರಸ್ತೆ ಅಗಲೀಕರಣಕ್ಕೆ ಹೋಗಿರುತ್ತೆ!

2014ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ತಂಡ ಈ ಪ್ರಶ್ನೆಗೆ ಬೇರೆ ದಾರಿಯಲ್ಲಿ ಉತ್ತರ ಕೊಟ್ಟಿತು. ಬೆಂಗಳೂರಿನ ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೀತಾರಲ್ಲ, ಅದೇ ಸಂಸ್ಥೆ. ಉಪಗ್ರಹದ ಚಿತ್ರದಲ್ಲಿ ಹಸಿರು ಎಲ್ಲಿದೆ ಅಂತ ಕಂಪ್ಯೂಟರಿನಿಂದ ಗುರುತು ಮಾಡಿಸಿದರು. ಆಮೇಲೆ ನೆಲಕ್ಕಿಳಿದು, ಕೆಲವು ಮಾದರಿ ಜಾಗಗಳಲ್ಲಿ ಮರಗಳ ಹರವು ನೋಡಿದರು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದರು. ಬಂದ ಉತ್ತರ: 14,78,412 ಮರ. ಅಂದರೆ ಹೆಚ್ಚೂಕಡಿಮೆ ಏಳು ಜನಕ್ಕೆ ಒಂದು ಮರ. ಕೊನೆಯ ಆ 412ಕ್ಕೆ ಮರುಳಾಗಬೇಡಿ, ಇದು ಅಂದಾಜು. ಆದರೆ ಏಳು ಜನಕ್ಕೆ ಒಂದು ಅನ್ನೋ ಮಾತು ಮಾತ್ರ ನಗರದ ಕೆನ್ನೆಗೆ ಬಾರಿಸಿದ ಹಾಗಿತ್ತು.

ಆ ತಂಡದ ಮುಂದಾಳು ಡಾ. ಟಿ.ವಿ. ರಾಮಚಂದ್ರ. ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದಲ್ಲಿ ಇಂಧನ ಮತ್ತು ಜೌಗುಪ್ರದೇಶಗಳ ಸಂಶೋಧನಾ ಗುಂಪನ್ನ ಕಟ್ಟಿ ಬೆಳೆಸಿದವರು. ಬೆಂಗಳೂರಿನ ಕೆರೆಗಳ ಸುದ್ದಿ ಬಂದಾಗಲೆಲ್ಲ ನೀವು ಕೇಳಿರೋ ಹೆಸರು.

ಈಗ ನನ್ನ ಕಸುಬಿನ ಒಂದು ಕಷ್ಟ ಹೇಳ್ತೀನಿ. ಟಿವಿಯಲ್ಲಿ ಯಾರಾದರೂ ಮಾತಾಡುವಾಗ ಅವರ ಹೆಸರಿನ ಕೆಳಗೆ ಒಂದು ಪಟ್ಟಿ ಓಡುತ್ತೆ, ನೋಡಿರ್ತೀರಿ. ‘ಅರ್ಥಶಾಸ್ತ್ರಜ್ಞ’, ‘ಹಿರಿಯ ವಕೀಲರು’, ‘ಹೃದ್ರೋಗ ತಜ್ಞ’. ಎರಡು ಪದ, ಹೆಚ್ಚೆಂದರೆ ಮೂರು. ರಾಮಚಂದ್ರ ಅವರ ಹೆಸರಿನ ಕೆಳಗೆ ಏನು ಹಾಕೋದು? ಪರಿಸರ ತಜ್ಞ? ಸರಿ. ಆದರೆ ಅವರು ಪಾಚಿಯಿಂದ ಎಣ್ಣೆ ತೆಗೆಯೋ ಬಗ್ಗೆಯೂ ಬರೆದಿದ್ದಾರೆ, ಅದು ಜೈವಿಕ ತಂತ್ರಜ್ಞಾನ. ಉಪಗ್ರಹದ ಚಿತ್ರವನ್ನ ಕಂಪ್ಯೂಟರಿಗೆ ಓದಿಸ್ತಾರೆ, ಅದು ಈಗ ಎಲ್ಲರ ಬಾಯಲ್ಲಿರೋ ಮಷಿನ್ ಲರ್ನಿಂಗ್, ಯಂತ್ರಕಲಿಕೆ. ಒಂದೇ ತಲೆ, ಮೂರು ವಿಭಾಗ. ಪಟ್ಟಿಯಲ್ಲಿ ಹಿಡಿಸೋದಿಲ್ಲ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಗದಗ ಜಿಲ್ಲೆ ರೋಣ ಸೀಮೆಯ ಜಕ್ಕಲಿಯಿಂದ ಒಬ್ಬ ವೀಕ್ಷಕರು ವಾಟ್ಸಾಪಿನಲ್ಲಿ ಒಂದು ಪ್ರಶ್ನೆ ಕಳಿಸಿದ್ದರು. ರೈತರು. ಹೀಗಿತ್ತು: ‘ಸರ್, ನಮ್ಮ ಮಗಳು ಹತ್ತನೆತ್ತ ಚಲೋ ಪಾಸ್ ಆಗ್ಯಾಳ್ರಿ. ಪಿಸಿಎಂಬಿ ಕೊಡಿಸಬೇಕೋ ಪಿಸಿಎಂಸಿ ಕೊಡಿಸಬೇಕೋ ಹೇಳ್ರಿ. ಕಂಪ್ಯೂಟರ್ ತಗೊಂಡ್ರ ಲಗೂನ ನೌಕರಿ ಸಿಗ್ತದ ಅಂತಾರ. ಆಕಿಗಿ ನೋಡಿದ್ರ ಗಿಡಾ, ಹುಳಾ ಅಂದ್ರ ಜೀವ.’

ಪ್ರತಿ ವರ್ಷ ಮೇ, ಜೂನ್ ತಿಂಗಳಲ್ಲಿ ಕರ್ನಾಟಕದ ಲಕ್ಷಾಂತರ ಮನೆಗಳಲ್ಲಿ ಇದೇ ಚರ್ಚೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಈ ಮೂರು ಇಬ್ಬರಿಗೂ ಸಮ. ನಾಲ್ಕನೆಯದು ಜೀವಶಾಸ್ತ್ರವೋ ಕಂಪ್ಯೂಟರ್ ವಿಜ್ಞಾನವೋ? ಹದಿನಾರು ವರ್ಷದ ಮಗು ಒಂದು ಅರ್ಜಿಯಲ್ಲಿ ಒಂದು ಚೌಕಕ್ಕೆ ಟಿಕ್ ಹಾಕಬೇಕು. ಹಾಕಿದ ಮೇಲೆ ಆ ಕಡೆಯವರು ಈ ಕಡೆ ನೋಡೋ ಹಾಗಿಲ್ಲ ಅನ್ನೋ ನಂಬಿಕೆ ನಮ್ಮಲ್ಲಿ ಬೇರೂರಿದೆ. ಜೀವಶಾಸ್ತ್ರ ಅಂದರೆ ಡಾಕ್ಟರ್. ಕಂಪ್ಯೂಟರ್ ಅಂದರೆ ಬೆಂಗಳೂರು. ನಡುವೆ ಏನೂ ಇಲ್ಲ.

ನಡುವೆ ಏನಿದೆ ಅಂತ ತೋರಿಸೋಕೆ ರಾಮಚಂದ್ರ ಅವರ ಕೆಲಸಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಶುರುವಿನಿಂದ ನೋಡೋಣ.

ಅವರ ಆರಂಭದ ಸಂಶೋಧನೆಗಳಲ್ಲಿ ದೊಡ್ಡ ಪಾಲು ಉತ್ತರ ಕನ್ನಡ ಜಿಲ್ಲೆಯ ಇಂಧನದ ಬಗ್ಗೆ. ಮಲೆನಾಡಿನ ಒಂದು ಮನೆಗೆ ಅಡುಗೆಗೆ, ಬಚ್ಚಲ ಒಲೆಗೆ ಎಷ್ಟು ಸೌದೆ ಬೇಕು? ಹಳ್ಳಗಳಲ್ಲಿ ಹರಿಯೋ ನೀರಿನಿಂದ ಎಷ್ಟು ವಿದ್ಯುತ್ ತೆಗೀಬಹುದು? ಈ ಪ್ರಬಂಧಗಳಲ್ಲಿ ಅವರ ಜೊತೆ ಬರೆದ ಹೆಸರುಗಳನ್ನ ನೋಡಿ: ಡಿ.ಕೆ. ಸುಬ್ರಮಣಿಯನ್, ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕರು. ಎನ್.ವಿ. ಜೋಶಿ, ಪರಿಸರ ವಿಜ್ಞಾನಿ. ಬಚ್ಚಲ ಒಲೆಯ ಸೌದೆ ಲೆಕ್ಕಕ್ಕೆ ಕಂಪ್ಯೂಟರ್ ಪ್ರೊಫೆಸರ್ ಯಾಕೆ? ಸೌದೆ ಎಲ್ಲಿಂದ ಬರುತ್ತೆ ಅಂತ ಕೇಳಿದರೆ ಕಾಡಿಗೆ ಹೋಗಬೇಕು. ಕಾಡು ಎಷ್ಟು ಉಳಿದಿದೆ ಅಂತ ಕೇಳಿದರೆ ಆಕಾಶದಿಂದ ನೋಡಬೇಕು. ಆಕಾಶದಿಂದ ನೋಡಿದ್ದನ್ನ ಅರ್ಥ ಮಾಡಿಕೊಳ್ಳೋಕೆ ಕಂಪ್ಯೂಟರ್ ಬೇಕು. ಪ್ರಶ್ನೆಯೇ ಕೈ ಹಿಡಿದು ಒಂದು ವಿಭಾಗದಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತೆ.

ಅವರ ತಂಡದ ಅಧ್ಯಯನಗಳಲ್ಲಿ ಒಂದು ಇಸವಿ ಮತ್ತೆ ಮತ್ತೆ ಬರುತ್ತೆ: 1973. ನಮಗೆ ಅದು ಮೈಸೂರು ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟ ವರ್ಷ. ಅವರಿಗೆ ಬೇರೆ ಕಾರಣ. ಅಮೆರಿಕದ ಲ್ಯಾಂಡ್‌ಸ್ಯಾಟ್-1 ಉಪಗ್ರಹ ಮೇಲಕ್ಕೆ ಹಾರಿದ್ದು 1972ರ ಜುಲೈನಲ್ಲಿ. ಹಾಗಾಗಿ ನಮ್ಮ ನೆಲದ ಇಂಥ ಮೊದಮೊದಲ ಚಿತ್ರಗಳು 1973ರ ಹೊತ್ತಿನವು. ಅವತ್ತಿನ ಚಿತ್ರ, ಇವತ್ತಿನ ಚಿತ್ರ ಪಕ್ಕಪಕ್ಕ ಇಟ್ಟರೆ ಅರ್ಧ ಶತಮಾನದ ಕಥೆ ಸಿಗುತ್ತೆ. ಬೆಂಗಳೂರಿನ ಬಗ್ಗೆ ಅವರ ತಂಡ ಹೇಳಿದ ಕಥೆ ಹೀಗಿತ್ತು: ನಾಲ್ಕು ದಶಕದಲ್ಲಿ ಕಟ್ಟಡ, ರಸ್ತೆ ತುಂಬಿದ ಜಾಗ ಶೇ. 584ರಷ್ಟು ಏರಿದೆ, ಹಸಿರು ಶೇ. 66ರಷ್ಟು, ನೀರಿನ ಜಾಗ ಶೇ. 74ರಷ್ಟು ಇಳಿದಿದೆ.

ಈ ಅಂಕಿ ಬರೋದು ಹೇಗೆ? ಇಲ್ಲಿ ಸ್ವಲ್ಪ ನಿಧಾನಕ್ಕೆ ಬನ್ನಿ. ನಾನು ಎಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದವನು, ಈ ಭಾಗ ಹೇಳೋಕೆ ನನಗೆ ಬಲು ಇಷ್ಟ.

ಉಪಗ್ರಹದ ಚಿತ್ರ ಅಂದರೆ ಚುಕ್ಕೆಗಳ ರಾಶಿ. ಮೊದಲ ಲ್ಯಾಂಡ್‌ಸ್ಯಾಟ್‌ನ ಒಂದು ಚುಕ್ಕೆ ನೆಲದ ಮೇಲೆ ಸುಮಾರು 80 ಮೀಟರ್ ಉದ್ದ, 80 ಮೀಟರ್ ಅಗಲ. ರೈತರ ಲೆಕ್ಕದಲ್ಲಿ ಒಂದೂವರೆ ಎಕರೆಗೆ ಒಂದೇ ಚುಕ್ಕೆ. ಆಮೇಲೆ ಬಂದ ಲ್ಯಾಂಡ್‌ಸ್ಯಾಟ್‌ಗಳಲ್ಲಿ 30 ಮೀಟರ್, ಅಂದರೆ ಹೆಚ್ಚೂಕಡಿಮೆ ಒಂಬತ್ತು ಗುಂಟೆಗೆ ಒಂದು. ಯುರೋಪಿನವರು 2015ರಿಂದ ಹಾರಿಸಿರೋ ಸೆಂಟಿನೆಲ್-2 ಉಪಗ್ರಹಗಳಲ್ಲಿ 10 ಮೀಟರ್. ಲೆಕ್ಕ ಹಾಕಿ, ಸರಿಸುಮಾರು ಒಂದು ಗುಂಟೆಗೆ ಒಂದು ಚುಕ್ಕೆ! ಅದೂ ಐದು ದಿನಕ್ಕೊಮ್ಮೆ, ಪುಕ್ಕಟೆ.

ಆ ಚುಕ್ಕೆಯಲ್ಲಿ ಏನಿರುತ್ತೆ? ‘ಇದು ಕೆರೆ, ಇದು ಹೊಲ’ ಅಂತ ಬರೆದಿರೋದಿಲ್ಲ. ಬರೀ ಅಂಕಿ. ಕೆಂಪು ಬೆಳಕು ಇಷ್ಟು ವಾಪಸ್ ಬಂತು, ಹಸಿರು ಇಷ್ಟು, ಕಣ್ಣಿಗೆ ಕಾಣದ ಅವಗೆಂಪು ಬೆಳಕು ಇಷ್ಟು. ಚೆನ್ನಾಗಿ ಬೆಳೆದ ಎಲೆ ಅವಗೆಂಪು ಬೆಳಕನ್ನ ಜೋರಾಗಿ ವಾಪಸ್ ಕಳಿಸುತ್ತೆ. ನೀರು ಅದನ್ನ ನುಂಗಿಬಿಡುತ್ತೆ. ಕಾಂಕ್ರೀಟಿನದು ಇನ್ನೊಂದು ರೀತಿ. ಪ್ರತಿಯೊಂದಕ್ಕೂ ಅದರದೇ ಬೆರಳಚ್ಚು.

ಯಂತ್ರಕ್ಕೆ ಈ ಬೆರಳಚ್ಚು ಗೊತ್ತಿಲ್ಲ, ಕಲಿಸಬೇಕು. ಜಕ್ಕಲಿ, ನರೇಗಲ್ ಕಡೆ ಹಿಂಗಾರಿಯಲ್ಲಿ ಎರಿ ಹೊಲ ನೋಡಿದವರಿಗೆ ಗೊತ್ತು. ಒಂದು ಕಡೆ ಬಿಳಿಜೋಳ, ಪಕ್ಕದಲ್ಲಿ ಕಡಲಿ, ಎಲ್ಲೋ ಅಕ್ಕಡಿಯಾಗಿ ಕುಸುಬಿ. ಊರಿನ ಮನುಷ್ಯನಿಗೆ ದೂರದಿಂದಲೇ ತಿಳಿಯುತ್ತೆ ಯಾವುದು ಯಾವುದು ಅಂತ. ಯಂತ್ರಕ್ಕೆ ತಿಳಿಯಬೇಕಾದರೆ ಒಬ್ಬರು ಹೊಲದ ಬದುವಿನ ಮೇಲೆ ನಿಂತು, ಜಿಪಿಎಸ್ ಹಿಡಿದು, ‘ಈ ಜಾಗ ಕಡಲಿ, ಆ ಜಾಗ ಜೋಳ’ ಅಂತ ಬರೆದುಕೊಂಡು ಬರಬೇಕು. ಇಂಥ ನೂರಾರು ಜಾಗದ ಹೆಸರನ್ನ ಯಂತ್ರಕ್ಕೆ ಕೊಡ್ತಾರೆ. ಯಂತ್ರ ಆ ಚುಕ್ಕೆಗಳ ಅಂಕಿ ನೋಡಿ, ಕಡಲಿಯ ಬೆರಳಚ್ಚು ಹೀಗೆ, ಜೋಳದ್ದು ಹೀಗೆ ಅಂತ ತಾನೇ ಸೂತ್ರ ಕಟ್ಟಿಕೊಳ್ಳುತ್ತೆ. ಆಮೇಲೆ ಇಡೀ ತಾಲ್ಲೂಕಿನ ಲಕ್ಷಾಂತರ ಚುಕ್ಕೆಗಳಿಗೆ ಅದೇ ಹೆಸರಿಡುತ್ತಾ ಹೋಗುತ್ತೆ. ಯಂತ್ರಕಲಿಕೆಯ ತಿರುಳು ಇಷ್ಟೇ.

ಸೂತ್ರ ಕಟ್ಟೋ ವಿಧಾನ ಹಲವು. ಒಂದರ ಹೆಸರು ರ್ಯಾಂಡಮ್ ಫಾರೆಸ್ಟ್. ಹೆಸರು ಕೇಳಿ ಕಾಡಿಗೆ ಹೋಗಬೇಡಿ, ಊರ ಕಟ್ಟೆಗೆ ಬನ್ನಿ. ಒಂದು ತಕರಾರಿಗೆ ನೂರು ಜನ ಹಿರಿಯರನ್ನ ಕೂರಿಸ್ತೀರಿ. ಪ್ರತಿಯೊಬ್ಬರಿಗೂ ಎಲ್ಲ ಕಾಗದ ತೋರಿಸಲ್ಲ, ಒಬ್ಬರಿಗೆ ಕೆಲವು, ಇನ್ನೊಬ್ಬರಿಗೆ ಬೇರೆ ಕೆಲವು. ಎಲ್ಲರೂ ಒಂದೇ ಥರ ಯೋಚನೆ ಮಾಡಬಾರದಲ್ಲ, ಅದಕ್ಕೆ. ಕೊನೆಗೆ ಕೈ ಎತ್ತಿಸ್ತೀರಿ. ಹೆಚ್ಚು ಕೈ ಯಾವ ಕಡೆಯೋ ಅದೇ ತೀರ್ಪು. ಒಬ್ಬ ಹಿರಿಯ ತಪ್ಪಬಹುದು. ನೂರು ಜನ ಒಂದೇ ತಪ್ಪು ಮಾಡೋದು ಅಪರೂಪ.

ತೀರ್ಪು ಸರಿಯೇ ಅಂತ ಪರೀಕ್ಷೆ ಮಾಡೋದು ಹೇಗೆ? ನೆಲದಿಂದ ತಂದ ಹೆಸರುಗಳಲ್ಲಿ ಒಂದು ಪಾಲನ್ನ ಯಂತ್ರಕ್ಕೆ ತೋರಿಸದೆ ಮುಚ್ಚಿಟ್ಟಿರ್ತಾರೆ. ಕಲಿಕೆ ಮುಗಿದ ಮೇಲೆ ಅದೇ ಪ್ರಶ್ನೆಪತ್ರಿಕೆ. ಮೊದಲೇ ತೋರಿಸಿಬಿಟ್ಟರೆ? ಪೇಪರ್ ಲೀಕ್ ಆದ ಹಾಗೆ. ನೂರಕ್ಕೆ ನೂರು ಬರುತ್ತೆ, ಕಲಿತಿರೋದು ಸೊನ್ನೆ.

ಇಷ್ಟು ಕೇಳಿದ ಮೇಲೆ ನಿಮಗೆ ಅನ್ನಿಸಬಹುದು: ಹಾಗಾದರೆ ಇದು ಪಿಸಿಎಂಸಿಯವರ ಕೆಲಸ ತಾನೆ? ಜೀವಶಾಸ್ತ್ರ ಎಲ್ಲಿ ಬಂತು?

ಬೆಂಗಳೂರಿನ ಒಂದು ಕೆರೆ ನೋಡಿ. ಮೇಲೆಲ್ಲ ಅಂತರಗಂಗೆ ಹಬ್ಬಿಬಿಟ್ಟಿದೆ, ಒಂದು ಹನಿ ನೀರು ಕಾಣಲ್ಲ. ಉಪಗ್ರಹಕ್ಕೆ ಅದು ಸೊಂಪಾದ ಹಸಿರು. ಸರಿಯಾಗಿ ಕಲಿಸದ ಯಂತ್ರ ಅದಕ್ಕೆ ‘ಸಸ್ಯಾವರಣ’ ಅಂತ ಹೆಸರಿಟ್ಟು ಹಸಿರಿನ ಲೆಕ್ಕಕ್ಕೆ ಸೇರಿಸಿಬಿಡುತ್ತೆ. ಯಂತ್ರಕ್ಕೆ ಅದು ಹಸಿರು ಜಾಸ್ತಿ ಆದ ಸಂತೋಷದ ಸುದ್ದಿ. ನಿಜ ಏನು? ಕೊಳಚೆ ಕುಡಿದು ಕೆರೆ ಸಾಯ್ತಿದೆ. ಕಾಡಿನದೂ ಅದೇ ಕಥೆ. ನೆಟ್ಟ ಅಕೇಶಿಯಾ ತೋಪೂ ಹಸಿರು, ನಿತ್ಯಹರಿದ್ವರ್ಣ ಕಾಡೂ ಹಸಿರು. ಉತ್ತರ ಕನ್ನಡದಲ್ಲಿ 1973ರಲ್ಲಿ ಶೇ. 68ರಷ್ಟಿದ್ದ ನಿತ್ಯಹರಿದ್ವರ್ಣ ಮಾದರಿಯ ಕಾಡು 2013ರ ಹೊತ್ತಿಗೆ ಶೇ. 32ಕ್ಕೆ ಇಳಿದಿದೆ ಅಂತ ರಾಮಚಂದ್ರ ಅವರ ತಂಡ ಹೇಳಿತು. ಬರೀ ‘ಹಸಿರು’ ಅಂತ ಎಣಿಸಿದ್ದರೆ ಈ ನಷ್ಟ ಕಾಣ್ತಲೇ ಇರಲಿಲ್ಲ. ಎರಡು ಹಸಿರು ಬೇರೆ ಬೇರೆ ಅಂತ ಯಂತ್ರಕ್ಕೆ ಹೇಳಿಕೊಟ್ಟವರು ಗಿಡ ಮರ ಗೊತ್ತಿದ್ದವರು.

ಇನ್ನು ಜೈವಿಕ ತಂತ್ರಜ್ಞಾನಕ್ಕೆ ಬರೋಣ. ಅದಕ್ಕೂ ದಾರಿ ಕೆರೆಯಿಂದಲೇ.

ಬೆಳ್ಳಂದೂರು ಕೆರೆಯ ನೊರೆ ನೆನಪಿದೆಯಲ್ಲ? ರಸ್ತೆಗೆಲ್ಲ ಹಾರಿ ಬರ್ತಿತ್ತು. 2015ರಲ್ಲಿ ಕೆರೆಗೇ ಬೆಂಕಿ ಬಿತ್ತು. ನೀರಿಗೆ ಬೆಂಕಿ! ಕಾರಣ ಶುದ್ಧೀಕರಣ ಆಗದೆ ಬಂದು ಸೇರೋ ಕೊಳಚೆ. ನಮ್ಮ ಬಟ್ಟೆ ಒಗೆಯೋ ಪುಡಿಯಲ್ಲಿರೋ ನೊರೆಕಾರಕ ವಸ್ತು, ಫಾಸ್ಫೇಟು, ಮಲಮೂತ್ರದ ಸಾರಜನಕ. ಸಾರಜನಕ, ರಂಜಕ ಅಂದರೆ ಏನು? ರೈತರನ್ನ ಕೇಳಿ. ಯೂರಿಯಾ, ಡಿಎಪಿ. ಗೊಬ್ಬರ! ನಾವು ಕೆರೆಗೆ ದಿನಾ ಗೊಬ್ಬರ ಸುರೀತಿದ್ದೀವಿ. ಅದಕ್ಕೇ ಅಂತರಗಂಗೆ ಆ ಪರಿ ಬೆಳೆಯೋದು.

ಇಲ್ಲಿ ಬೇರೆ ಥರ ಯೋಚನೆ ಮಾಡಿದವರು ಕೇಳಿದ ಪ್ರಶ್ನೆ: ಗೊಬ್ಬರ ಇದೆ, ನೀರಿದೆ, ಬಿಸಿಲಿದೆ. ಅಂದ ಮೇಲೆ ನಮಗೆ ಬೇಕಾದ ಬೆಳೆ ಯಾಕೆ ಬೆಳೀಬಾರದು? ಆ ಬೆಳೆ ಪಾಚಿ. ಸೂಕ್ಷ್ಮ ಪಾಚಿಗಳು ಕೊಳಚೆಯ ಸಾರಜನಕ, ರಂಜಕ ತಿಂದು ನೀರನ್ನ ತಿಳಿ ಮಾಡ್ತವೆ. ಜೊತೆಗೆ ಮೈಯೊಳಗೆ ಎಣ್ಣೆ ಕೂಡಿಡ್ತವೆ. ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರನ್ನ ನೇರವಾಗಿ ಕೆರೆಗೆ ಬಿಡದೆ, ಜೊಂಡು, ಪಾಚಿ ಇರೋ ಜೌಗಿನ ಮೂಲಕ ಹಾಯಿಸಿ ಬಿಡ್ತಾರೆ. ಶುರುವಿನಲ್ಲಿ ಆ ಘಟಕದ ಶಕ್ತಿ ದಿನಕ್ಕೆ 1 ಕೋಟಿ ಲೀಟರ್. ಯಂತ್ರ ಅರ್ಧ ಕೆಲಸ ಮಾಡಿದರೆ ಉಳಿದರ್ಧ ಗಿಡಗಳದು. ಆ ಏರ್ಪಾಟನ್ನ ರಾಮಚಂದ್ರ ಅವರ ತಂಡ ಅಧ್ಯಯನ ಮಾಡಿ, ಉಳಿದ ಕೆರೆಗಳಿಗೂ ಇದು ಮಾದರಿ ಆಗಬಹುದು ಅಂತ ಮುಂದಿಟ್ಟಿತು.

ಎಣ್ಣೆಯ ಕಥೆ ಇನ್ನೂ ಸ್ವಾರಸ್ಯ. 2009ರಲ್ಲಿ ರಾಮಚಂದ್ರ, ಅವರ ಜೊತೆಗಾರರಾದ ದುರ್ಗಾ ಮಾಧಬ್ ಮಹಾಪಾತ್ರ, ಬಿ. ಕಾರ್ತಿಕ್, ಕೆನಡಾದ ರಿಚರ್ಡ್ ಗೋರ್ಡನ್ ಸೇರಿ ಒಂದು ಪ್ರಬಂಧ ಬರೆದರು. ವಿಷಯ ಡಯಾಟಮ್. ಗಾಜಿನಂಥ ಚಿಪ್ಪಿನೊಳಗೆ ಬದುಕೋ ಒಂದೇ ಜೀವಕೋಶದ ಪಾಚಿ ಅದು, ಕಣ್ಣಿಗೆ ಕಾಣಲ್ಲ. ಭೂಮಿಯ ಮೇಲೆ ನಡೆಯೋ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇವುಗಳದೇ. ಊಟ ಕಡಿಮೆಯಾದಾಗ ಇವು ಎಣ್ಣೆಯ ಹನಿ ಕೂಡಿಡ್ತವೆ. ಪಾಚಿಯ ಎಣ್ಣೆ ಬೇಕು ಅಂದರೆ ಸಾಮಾನ್ಯವಾಗಿ ಹಿಡೀತಿದ್ದ ದಾರಿ: ಪಾಚಿಯನ್ನ ಕೊಯ್ದು, ಒಣಗಿಸಿ, ಹಿಂಡೋದು. ಇವರು ಕೇಳಿದ್ದು: ಹಾಲಿಗಾಗಿ ಯಾರಾದರೂ ಹಸುವನ್ನ ಕೊಲ್ತಾರಾ? ಕರೀತಾರೆ. ಡಯಾಟಮನ್ನೂ ಕರೆಯೋಕಾಗಲ್ವಾ? ಅದು ಬದುಕಿರುವಾಗಲೇ ಎಣ್ಣೆಯನ್ನ ಹೊರಗೆ ಬಿಡೋ ಹಾಗೆ ಮಾಡೋದು, ಸೌರಫಲಕದಂಥ ಚೌಕಟ್ಟಿನಲ್ಲಿ ಅವುಗಳನ್ನ ಸಾಕೋದು. ಪ್ರಬಂಧದ ಶೀರ್ಷಿಕೆಯಲ್ಲೇ ಡಯಾಟಮ್‌ಗಳನ್ನ ‘ಕರೆಯುವ’ ಮಾತಿದೆ.

ಪೆಟ್ರೋಲ್ ಬಂಕಿನಲ್ಲಿ ಡಯಾಟಮ್ ಎಣ್ಣೆ ಇನ್ನೂ ಸಿಗ್ತಿಲ್ಲ. ಪ್ರಯೋಗಾಲಯದ ಕನಸು ಬೀದಿಗೆ ಬರೋಕೆ ದಶಕಗಳೇ ಬೇಕಾಗಬಹುದು, ಬರದೆಯೂ ಹೋಗಬಹುದು. ಆದರೆ ಆ ಪ್ರಶ್ನೆ ಯಾರ ತಲೆಗೆ ಹೊಳೆಯೋಕೆ ಸಾಧ್ಯ ಅಂತ ಯೋಚಿಸಿ. ಕೆರೆಯ ಕೊಳಚೆ ನೋಡಿದ, ಇಂಧನದ ಲೆಕ್ಕ ಹಾಕಿದ, ಪಾಚಿಯ ಜೀವ ಅರಿತ ಜನರಿಗೆ. ಮೂರೂ ಒಂದೇ ಮೇಜಿನ ಮೇಲೆ ಬಂದಾಗ ಮಾತ್ರ.

ಹೊರಗಿನ ಪ್ರಪಂಚದಲ್ಲೂ ಗಾಳಿ ಇದೇ ಕಡೆ ಬೀಸ್ತಿದೆ. 2024ರ ರಸಾಯನಶಾಸ್ತ್ರ ನೊಬೆಲ್ ಯಾರಿಗೆ ಬಂತು? ಮೂವರಿಗೆ. ಅವರಲ್ಲಿ ಡೆಮಿಸ್ ಹಸ್ಸಾಬಿಸ್ ಕಂಪ್ಯೂಟರ್ ವಿಜ್ಞಾನ ಓದಿ, ವಿಡಿಯೋ ಗೇಮ್ ಮಾಡಿ, ಆಮೇಲೆ ಮೆದುಳಿನ ಬಗ್ಗೆ ಪಿಎಚ್‌ಡಿ ಮಾಡಿದವರು. ಜಾನ್ ಜಂಪರ್ ಭೌತಶಾಸ್ತ್ರದಿಂದ ಬಂದವರು. ಇವರ ತಂಡ ಮಾಡಿದ ಆಲ್ಫಾಫೋಲ್ಡ್ ಅನ್ನೋ ಯಂತ್ರಕಲಿಕೆಯ ವ್ಯವಸ್ಥೆ ಸುಮಾರು 20 ಕೋಟಿ ಪ್ರೋಟೀನುಗಳ ಆಕಾರವನ್ನ ಊಹಿಸಿ ಕೊಟ್ಟಿತು. ಎಲ್ಲರೂ ಯಂತ್ರವನ್ನ ಹೊಗಳಿದರು. ಅದು ಕಲಿತಿದ್ದು ಎಲ್ಲಿಂದ? 1971ರಿಂದ ಪ್ರಪಂಚದ ಜೀವವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಒಂದೊಂದೇ ಪ್ರೋಟೀನಿನ ಆಕಾರ ಕಂಡುಹಿಡಿದು ಸಾರ್ವಜನಿಕ ಭಂಡಾರದಲ್ಲಿ ಇಟ್ಟಿದ್ದ ಲಕ್ಷಕ್ಕೂ ಮಿಕ್ಕ ಮಾದರಿಗಳಿಂದ. ಬದುವಿನ ಮೇಲೆ ನಿಂತು ‘ಇದು ಕಡಲಿ’ ಅಂತ ಬರೆದವರ ಕೆಲಸವೇ ಅದು, ಬೇರೆ ರೂಪದಲ್ಲಿ.

ಈಗ ಆ ಹುಡುಗಿಯ ಪ್ರಶ್ನೆಗೆ ನೇರ ಉತ್ತರ. ಇದು ನನ್ನ ಅಭಿಪ್ರಾಯ, ತೀರ್ಮಾನ ಆ ಮನೆಯವರದು.

ಗಿಡಾ, ಹುಳಾ ಅಂದರೆ ಜೀವ ಅನ್ನೋ ಮಗುವಿಗೆ ಪಿಸಿಎಂಬಿ ಕೊಡಿಸಿ. ಲೆಕ್ಕಾಚಾರವಾಗಿ ನೋಡಿದರೂ ಅದೇ ಸರಿ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸಿಇಟಿ ರ್‍ಯಾಂಕಿಗೆ ಎಣಿಸೋದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ. ಪಿಸಿಎಂಬಿ ಓದಿದವರಿಗೂ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್ ಸೀಟು ತಗೊಳ್ಳೋಕೆ ಅಡ್ಡಿ ಇಲ್ಲ. ಆದರೆ ಕೃಷಿ ಬಿಎಸ್ಸಿ, ಪಶುವೈದ್ಯಕೀಯ, ನೀಟ್ ಅಂತ ಹೋದರೆ ಜೀವಶಾಸ್ತ್ರ ಬೇಕು. ಪಿಯುಸಿ ಮುಗಿದ ಮೇಲೆ ಜೀವಶಾಸ್ತ್ರವನ್ನ ಹೆಚ್ಚುವರಿಯಾಗಿ ಓದಿ ನೀಟ್ ಬರೆಯೋ ಅವಕಾಶ ಈಗ ಇದೆಯಾದರೂ ಅದು ಸುತ್ತುಬಳಸಿನ ದಾರಿ. ಪಿಸಿಎಂಬಿಯಲ್ಲಿ ಓದಿನ ಹೊರೆ ಜಾಸ್ತಿ, ಅದು ನಿಜ. ಇಷ್ಟ ಇಲ್ಲದ ಮಗುವಿಗೆ ಬಲವಂತ ಮಾಡಬೇಡಿ. ಕಂಪ್ಯೂಟರಿನಲ್ಲೇ ಮನಸ್ಸಿರೋ ಮಕ್ಕಳು ಧಾರಾಳವಾಗಿ ಪಿಸಿಎಂಸಿ ತಗೊಳ್ಳಲಿ. ಮುಂದೆ ಜೀವಶಾಸ್ತ್ರದವರ ಜೊತೆ ಕೂತು ಅವರ ಭಾಷೆ ಕಲಿತರೆ ಸಾಕು.

ಯಾವುದೇ ತಗೊಳ್ಳಲಿ, ಗಣಿತ ಬಿಡಬಾರದು. ಎರಡು ಕಡೆಯ ನಡುವೆ ಇರೋ ಸೇತುವೆ ಅದು. ಮ್ಯಾಟ್ರಿಕ್ಸ್, ಸಂಭವನೀಯತೆ ಅಂತ ಪಿಯುಸಿಯಲ್ಲಿ ಓದ್ತಾರಲ್ಲ, ‘ಇದು ಯಾವ ಉಪಯೋಗಕ್ಕೆ’ ಅಂತ ಗೊಣಗ್ತಾರಲ್ಲ, ಚುಕ್ಕೆಗೆ ಹೆಸರಿಡೋ ಯಂತ್ರದ ಹೊಟ್ಟೆಯಲ್ಲಿ ಇರೋದು ಅದೇ.

ಉಳಿದರ್ಧ ಕಲಿಯೋಕೆ ಕಾಲೇಜು ಬದಲಿಸಬೇಕಿಲ್ಲ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಪುಕ್ಕಟೆ. ನಮ್ಮ ಇಸ್ರೋದ ಭುವನ್ ಇದೆ. ರಾಮಚಂದ್ರ ಅವರ ತಂಡ ವರ್ಷಗಳಿಂದ ಬಳಸಿ, ಬೇರೆಯವರಿಗೂ ಬಳಸಿ ಅಂತ ಹೇಳ್ತಾ ಬಂದಿರೋ ಗ್ರಾಸ್ ಅನ್ನೋ ನಕ್ಷೆ ತಂತ್ರಾಂಶಕ್ಕೂ ದುಡ್ಡಿಲ್ಲ. ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ಜಕ್ಕಲಿಯ ಕೆರೆ, ಹಳ್ಳ, ಹೊಲ ಐವತ್ತು ವರ್ಷದಲ್ಲಿ ಹೇಗೆ ಬದಲಾಗಿವೆ ಅಂತ ಆಕೆ ತಾನೇ ನೋಡಬಹುದು. 2000ನೇ ಇಸವಿಯಿಂದ ಅವರ ತಂಡ ನಡೆಸ್ತಿರೋ ಕೆರೆ ಸಮ್ಮೇಳನಗಳಲ್ಲಿ ಶಾಲಾ ಮಕ್ಕಳೂ ತಮ್ಮ ಊರಿನ ನೀರಿನ ಬಗ್ಗೆ ಪ್ರಬಂಧ ಮಂಡಿಸಿದ್ದಾರೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2011ರಲ್ಲಿ ಶುರುವಾದ ಪದವಿ ಕೋರ್ಸಿನಲ್ಲೂ ಮೊದಲ ಸೆಮಿಸ್ಟರುಗಳಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ಎಲ್ಲವನ್ನೂ ಎಲ್ಲರೂ ಓದಬೇಕು ಅಂತ ಇಟ್ಟರು. ದೇಶದ ದೊಡ್ಡ ಸಂಸ್ಥೆಯೇ ಗೋಡೆ ಒಡೀತಿರುವಾಗ ನಾವು ಮನೆಯೊಳಗೆ ಯಾಕೆ ಗೋಡೆ ಕಟ್ಟಬೇಕು?

ಜಕ್ಕಲಿ ಅಂದಾಗ ಇನ್ನೊಂದು ಮಾತು ಹೇಳಲೇಬೇಕು. ಅದು ಅಂದಾನಪ್ಪ ದೊಡ್ಡಮೇಟಿಯವರ ಊರು. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಅಂತ ಹಂಚಿಹೋಗಿದ್ದ ಕನ್ನಡದ ನೆಲ ಒಂದಾಗಬೇಕು ಅಂತ ಹೋರಾಡಿದ ಹಿರಿಯರು. 1956ರ ನವೆಂಬರ್ 1ರಂದು ಅದು ಒಂದಾಯ್ತು. ಗಡಿ ಎಳೆದಿದ್ದು ಆಡಳಿತದ ಅನುಕೂಲಕ್ಕೆ. ಆ ಕಡೆ ಈ ಕಡೆ ಆಡೋ ಮಾತು ಒಂದೇ ಆಗಿತ್ತು. ವಿಜ್ಞಾನದ ವಿಭಾಗಗಳೂ ಹಾಗೇ ಅಲ್ವಾ? ಟೈಮ್ ಟೇಬಲ್ ಅನುಕೂಲಕ್ಕೆ ಗೆರೆ ಎಳೆದಿದ್ದೀವಿ. ಕೆರೆಗೆ ಆ ಗೆರೆ ಗೊತ್ತಿಲ್ಲ.

ಕೊನೆಗೆ, ಇದು ಬರೀ ಓದಿನ ಮಾತಲ್ಲ, ಹೊಟ್ಟೆಪಾಡಿನ ಮಾತು. ನಮ್ಮ ರಾಜ್ಯದಲ್ಲಿ ಬೆಳೆ ಸಮೀಕ್ಷೆ ನಡೆಯುತ್ತೆ. ಸರ್ವೆ ನಂಬರ್, ಹಿಸ್ಸಾ, ಹೊಲದ ಫೋಟೋ, ಜಿಪಿಎಸ್ ಎಲ್ಲ ಮೊಬೈಲ್ ಆ್ಯಪ್‌ನಲ್ಲಿ. ಊರಿನ ಯುವಕರೇ ‘ಖಾಸಗಿ ನಿವಾಸಿ’ ಅಂತ ನೇಮಕ ಆಗಿ ಹೊಲಕ್ಕೆ ಬರ್ತಾರೆ. 2020ರಿಂದ ರೈತರು ತಾವೇ ಮಾಡೋಕೂ ಅವಕಾಶ ಇದೆ. ಬೆಳೆ ವಿಮೆ, ಬೆಳೆಹಾನಿ ಪರಿಹಾರ, ಬೆಂಬಲ ಬೆಲೆ ಖರೀದಿ, ಎಲ್ಲದಕ್ಕೂ ಆ ದಾಖಲೆಯನ್ನೇ ನೋಡ್ತಾರೆ. ನೀವು ವಿಮೆ ಕಟ್ಟಿದ್ದು ಕಡಲಿಗೆ, ಸಮೀಕ್ಷೆಯಲ್ಲಿ ಬಿದ್ದಿದ್ದು ಜೋಳ ಅಂದರೆ ತಾಳೆ ಆಗಲ್ಲ. ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದಾಟ. ನಾಳೆ ಉಪಗ್ರಹವೂ ಯಂತ್ರವೂ ಈ ಕೆಲಸವನ್ನ ಇನ್ನಷ್ಟು ಕೈಗೆ ತಗೊಳ್ತವೆ. ಆಗ ಯಂತ್ರಕ್ಕೆ ಕಲಿಸೋರು ಯಾರು? ಎರಿ ಹೊಲವನ್ನ ಜೀವಮಾನದಲ್ಲಿ ನೋಡದವರು ಎಸಿ ಕೋಣೆಯಲ್ಲಿ ಕೂತು ಕಲಿಸಿದರೆ ಅಕ್ಕಡಿಯ ಕುಸುಬಿ ಅವರ ಲೆಕ್ಕಕ್ಕೇ ಬರಲ್ಲ.

ಕಡಲಿಗೂ ಕುಸುಬಿಗೂ ವ್ಯತ್ಯಾಸ ಗೊತ್ತಿರೋ, ಯಂತ್ರದ ಭಾಷೆಯೂ ಗೊತ್ತಿರೋ ಒಬ್ಬಳು ಆ ಕೋಣೆಯಲ್ಲಿ ಇರಬೇಕು. ಹೊಲದ ಅರಿವು ಹಳ್ಳಿಯ ಮಕ್ಕಳಿಗೆ ಹಿಂದುಳಿದ ಗುರುತಲ್ಲ. ಪಟ್ಟಣದವರು ದುಡ್ಡು ಕೊಟ್ಟು ತರಿಸಿಕೊಳ್ಳಬೇಕಾದ ಬಂಡವಾಳ ಅದು. ಜಕ್ಕಲಿಯ ಆ ತಂದೆಗೆ ನಾನು ಬರೆದು ಕಳಿಸಿದ್ದೂ ಇದನ್ನೇ: ಅಣ್ಣಾರೆ, ಪಿಸಿಎಂಬಿ ಕೊಡಿಸ್ರಿ. ಹೊಲಕ್ಕೆ ಕರಕೊಂಡು ಹೋಗೋದನ್ನ ಮಾತ್ರ ಬಿಡಿಸಬ್ಯಾಡ್ರಿ.